6 ಅಡಿ ಮೀನಿನ ಟ್ಯಾಂಕ್, ಎರಡು ಆಸ್ಕರ್, ಒಂದು ಗ್ರೀನ್ ಟೆರರ್, ಒಂದು ಸೆವೆರಂ: ಬಾಲ ಹರಿಯುತ್ತಿರುವುದು ಯಾರು?

ತುಮಕೂರು ತೊಟ್ಟಿ · 8 ಜೂನ್, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಕೇಳಲೇಬೇಕಾಯಿತು.

ಹೋದ ವರ್ಷ 4 ಅಡಿ ಟ್ಯಾಂಕ್‌ಗೆ ಎರಡು ಆಸ್ಕರ್ ಮೀನಿನ ಮರಿ ತಂದು ಬಿಟ್ಟೆ. ತಂದಾಗ ಹೆಬ್ಬೆರಳಷ್ಟಿದ್ದವು. ಈಗ ಒಂದೊಂದೂ ಗೇಣುದ್ದ. ಜೊತೆಗೆ 6 ಇಂಚಿನ ಗ್ರೀನ್ ಟೆರರ್ ಒಂದು, 5 ಇಂಚಿನ ಗೋಲ್ಡ್ ಸೆವೆರಂ ಒಂದು, ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನು ಒಂದು. ಮೂರು ತಿಂಗಳ ಹಿಂದೆ ಮನೆಯಲ್ಲಿ ಬೈಸಿಕೊಂಡು 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಕಟ್ಟಿಸಿದೆ. ಎಲ್ಲರನ್ನೂ ಅದಕ್ಕೆ ಬಿಟ್ಟೆ.

ಎರಡೂವರೆ ತಿಂಗಳು ಏನೂ ಗಲಾಟೆ ಇರಲಿಲ್ಲ. ಈಗ ಹತ್ತು ದಿನದಿಂದ ಬೆಳಿಗ್ಗೆ ಎದ್ದು ನೋಡಿದರೆ ಸೆವೆರಂ ಬಾಲ ಹರಿದಿರುತ್ತೆ. ನಿನ್ನೆ ಪಕ್ಕೆಯಲ್ಲಿ ನಾಲ್ಕೈದು ಹುರುಪೆ ಕಿತ್ತು ಹೋಗಿತ್ತು. ಹಗಲು ನಾನು ನೋಡುವಾಗ ಮಾತ್ರ ಎಲ್ಲರೂ ಸಾಧುಗಳೇ.

ಕಚ್ಚುತ್ತಿರುವುದು ಯಾರು ಅಂತ ಹೇಗೆ ಕಂಡುಹಿಡಿಯೋದು? ಇನ್ನೊಂದು ಪ್ರಶ್ನೆ, ಇದಕ್ಕೆ ಒಂದು ಜಾಕ್ ಡೆಂಪ್ಸಿ, ಒಂದು ಫ್ಲವರ್‌ಹಾರ್ನ್ ಸೇರಿಸಬಹುದಾ? ಅಂಗಡಿಯವರು "ಎಲ್ಲಾ ಸಿಕ್ಲಿಡ್ ಜಾತಿನೇ ಸಾರ್, ಹೊಂದಿಕೊಂಡು ಹೋಗ್ತವೆ" ಅಂದರು. ಸಿಕ್ಲಿಡ್ ಅಂದರೆ ಆಸ್ಕರ್, ಟೆರರ್, ಸೆವೆರಂ ಎಲ್ಲ ಸೇರುವ ಮೀನಿನ ಕುಟುಂಬವಂತೆ. ಹಳೇ 4 ಅಡಿ ಟ್ಯಾಂಕ್ ಮಾರಿ ಆ ದುಡ್ಡಲ್ಲಿ ಫ್ಲವರ್‌ಹಾರ್ನ್ ತರುವ ಯೋಚನೆ ಇದೆ.

ಹುಬ್ಬಳ್ಳಿ ಟ್ಯಾಂಕ್ · 8 ಜೂನ್, ರಾತ್ರಿ 10:41

ಗ್ರೀನ್ ಟೆರರ್ ಬಿಟ್ಟು ಬೇರೆ ಯಾರೂ ಅಲ್ಲ ನೋಡ್ರಿ. ಹೆಸರಲ್ಲೇ ಟೆರರ್ ಇಟ್ಟುಕೊಂಡಿದೆ. ನನ್ನದು ಒಂದೇ ರಾತ್ರಿಯಲ್ಲಿ ಪ್ಯಾರಟ್ ಮೀನಿನ ಕಣ್ಣು ತೆಗೆದಿತ್ತು. ಪಾಪ ಆ ಪ್ಯಾರಟ್‌ಗೆ ಬಾಯಿ ಮುಚ್ಚೋಕೇ ಬರಲ್ಲ, ತಿರುಗಿ ಕಚ್ಚೋದು ಎಲ್ಲಿಂದ? ಮೊದಲು ಟೆರರ್ ತೆಗೀರಿ.

ಹಳೇ ಪಂಪು · 8 ಜೂನ್, ರಾತ್ರಿ 11:05

ಹಳೇ ಟ್ಯಾಂಕ್ ಮಾರಬೇಡಿ. ಮಿಕ್ಕಿದ್ದೆಲ್ಲ ಆಮೇಲೆ.

ಫಿಲ್ಟರ್ ಯಾವುದು? ವಾರಕ್ಕೆ ಎಷ್ಟು ನೀರು ಬದಲಿಸುತ್ತೀರಿ? ಒಳಗೆ ಕಲ್ಲು, ಮರ ಏನಾದರೂ ಇದೆಯಾ, ಇದ್ದರೆ ಯಾವ ಜಾಗದಲ್ಲಿ? ಆಸ್ಕರ್ ಎರಡೂ ಒಟ್ಟೊಟ್ಟಿಗೆ ಓಡಾಡುತ್ತವಾ, ಬೇರೆ ಬೇರೆನಾ? ಇದಿಷ್ಟು ಹೇಳಿ.

ತುಮಕೂರು ತೊಟ್ಟಿ · 9 ಜೂನ್, ಬೆಳಿಗ್ಗೆ 7:15

ಸರ್, ಫಿಲ್ಟರ್ ಸಂಪ್. ಪಂಪು ಗಂಟೆಗೆ 4,000 ಲೀಟರ್ ಎತ್ತುತ್ತೆ ಅಂತ ಡಬ್ಬದ ಮೇಲಿದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆಯುತ್ತೇನೆ. ಬೋರ್ ನೀರು, ಪಿಎಚ್ 8ರ ಹತ್ತಿರ. ಮಧ್ಯದಲ್ಲಿ ಒಂದು ದೊಡ್ಡ ಮರದ ಬೇರು. ಎಡಗಡೆ ಮೂಲೆಯಲ್ಲಿ ಒಂದು ಕಡಪಾ ಕಲ್ಲು. ಅಡುಗೆಮನೆ ಕೆಲಸ ಮಾಡಿಸಿದಾಗ ಮಿಕ್ಕಿತ್ತು, ಅಂದವಾಗಿರುತ್ತೆ ಅಂತ ಮಲಗಿಸಿದೆ.

ಆಸ್ಕರ್‌ಗಳು ಮೊದಲು ಬೇರೆ ಬೇರೆ ಇರುತ್ತಿದ್ದವು. ಈಗೀಗ ಒಟ್ಟಿಗೇ ಇರುತ್ತವೆ. ಫ್ರೆಂಡ್ಸ್ ಆಗಿದ್ದಾವೆ ಅಂದುಕೊಂಡೆ.

ಹೊಸ ಮೀನುಗಾರ · 9 ಜೂನ್, ಬೆಳಿಗ್ಗೆ 8:02

ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. ಸಂಪ್ ಅಂದರೆ ಗೇಟ್ ಹತ್ತಿರ ನೆಲದೊಳಗೆ ಇರುತ್ತಲ್ಲ, ಆ ಸಂಪಾ? ಮೀನಿನ ನೀರು ಅಲ್ಲಿಗೆ ಹೋಗುತ್ತಾ?

ಹಳೇ ಪಂಪು · 9 ಜೂನ್, ಬೆಳಿಗ್ಗೆ 8:30

ಹೋಗಿದ್ದರೆ ಅವರನ್ನು ಮನೆಯಿಂದ ಆಚೆ ಹಾಕಿರುತ್ತಿದ್ದರು.

ಇದು ಟ್ಯಾಂಕ್ ಕೆಳಗೆ ಸ್ಟ್ಯಾಂಡ್‌ನೊಳಗೆ ಇಡುವ ಇನ್ನೊಂದು ಚಿಕ್ಕ ಗಾಜಿನ ತೊಟ್ಟಿ. ಮೇಲಿನ ನೀರು ತುಂಬಿ ಹರಿದು ಕೆಳಗೆ ಬರುತ್ತೆ. ಸ್ಪಾಂಜು, ಸೆರಾಮಿಕ್ ಉಂಗುರ ಎಲ್ಲ ದಾಟಿ ಪಂಪಿನಲ್ಲಿ ಮತ್ತೆ ಮೇಲೆ ಹೋಗುತ್ತೆ. ಆಸ್ಕರ್ ತರಹ ಗಲೀಜು ಮಾಡುವ ಮೀನಿಗೆ ಅದೇ ಸರಿ.

ಗಾಜಿನ ಕೆಲಸ · 9 ಜೂನ್, ಬೆಳಿಗ್ಗೆ 9:10

ಮೀನಿನ ಜಗಳ ನನಗೆ ಗೊತ್ತಿಲ್ಲ. ಟ್ಯಾಂಕ್ ಕಟ್ಟೋದು ಗೊತ್ತು. 6x2x2 ಅಂದರೆ 24 ಘನ ಅಡಿ, ಸುಮಾರು 680 ಲೀಟರ್. ನೀರೇ 680 ಕಿಲೋ. 12 ಎಂಎಂ ಗಾಜಾದರೆ ಗಾಜೇ 120 ಕಿಲೋ ಮೇಲೆ. ಮರಳು, ಕಲ್ಲು, ಸ್ಟ್ಯಾಂಡ್ ಬೇರೆ. ಟನ್ ಹತ್ತಿರ ಹೋಯಿತು. ಮಹಡಿ ಮನೆಯಾದರೆ ಗೋಡೆಗೆ ಒತ್ತಿ, ಕೆಳಗೆ ಬೀಮ್ ಇರುವ ಕಡೆ ಇಟ್ಟಿದ್ದೀರಾ ನೋಡಿಕೊಳ್ಳಿ. ನೀರು ತುಂಬುವ ಮೊದಲು ರಸಮಟ್ಟ ಇಟ್ಟು ನೋಡಿದ್ದರು ತಾನೇ? ಒಂದು ಮೂಲೆ ಸ್ವಲ್ಪ ಇಳಿದರೂ ಜಾಯಿಂಟ್ ಬಿಡುತ್ತೆ.

ತುಮಕೂರು ತೊಟ್ಟಿ · 9 ಜೂನ್, ಬೆಳಿಗ್ಗೆ 9:25

ಕೆಳಗಿನ ಮನೆ ಅಣ್ಣ. ನೆಲದ ಮೇಲೇ ಇದೆ. ರಸಮಟ್ಟ ನೋಡಿದ್ದಾರೆ, ಅಡಿಯಲ್ಲಿ ಥರ್ಮೋಕೋಲ್ ಕೂಡ ಹಾಕಿದ್ದಾರೆ.

ಆಸ್ಕರ್ ಅಮ್ಮ · 9 ಜೂನ್, ಮಧ್ಯಾಹ್ನ 1:40

ನನ್ನ ಆಸ್ಕರ್‌ಗೆ ಈಗ 11 ವರ್ಷ. ಮಗಳು ಎಸ್ಸೆಸ್ಸೆಲ್ಸಿ ಓದುವಾಗ ತಂದದ್ದು. ಅವಳಿಗೆ ಮದುವೆ ಆಯಿತು, ಇದು ಇನ್ನೂ ಇಲ್ಲೇ ಇದೆ. ಅಡುಗೆಮನೆಯಿಂದ ಹಾಲ್‌ಗೆ ಬಂದರೆ ಸಾಕು, ಗಾಜಿಗೆ ಮೂತಿ ಒತ್ತಿ ಬಾಲ ಆಡಿಸುತ್ತೆ.

ಫ್ಲವರ್‌ಹಾರ್ನ್ ವಿಷಯ ಮೊದಲು ಹೇಳಿಬಿಡುತ್ತೇನೆ. ಬೇಡ. ಅದು ನದಿಯಲ್ಲಿ ಹುಟ್ಟಿದ ಮೀನಲ್ಲ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಮಧ್ಯ ಅಮೆರಿಕದ ಸಿಕ್ಲಿಡ್‌ಗಳನ್ನು ಬೆರಕೆ ಮಾಡಿ ತಯಾರಿಸಿದ್ದು. ಬೆರಕೆ ಮಾಡಲು ತೆಗೆದುಕೊಂಡದ್ದೇ ಜಗಳಗಂಟ ಜಾತಿಗಳು. ತಲೆ ಗುಬುಟು ದೊಡ್ಡದಾದಷ್ಟೂ ಅದೃಷ್ಟ ಅಂತ ಜನ ತರುತ್ತಾರೆ. ಟ್ಯಾಂಕ್‌ನಲ್ಲಿರುವ ಬೇರೆ ಮೀನಿಗಂತೂ ಆ ಅದೃಷ್ಟ ಇಲ್ಲ. ಬೇಕಿದ್ದರೆ ಒಂದೇ ಒಂದು ಫ್ಲವರ್‌ಹಾರ್ನ್ ಇಟ್ಟು ಸಾಕಿ. ತುಂಬಾ ಚೆನ್ನಾಗಿ ಮನುಷ್ಯರ ಜೊತೆ ಆಟ ಆಡುತ್ತೆ. ಮೀನಿನ ಜೊತೆ ಅಲ್ಲ.

ಸೆವೆರಂ ಆಸ್ಕರ್ ಜೊತೆ ಸಾಮಾನ್ಯವಾಗಿ ಹೊಂದುತ್ತೆ. ಎರಡೂ ಅಮೆಜಾನ್ ಕಡೆಯವು, ಎರಡಕ್ಕೂ 25ರಿಂದ 28 ಡಿಗ್ರಿ ನೀರು ಸಾಕು. ಆದರೆ ಸೆವೆರಂ ಮೆತ್ತಗಿನ ಮೀನು. ತಿರುಗಿ ಬೀಳಲ್ಲ. ಟ್ಯಾಂಕ್‌ನಲ್ಲಿ ಯಾರಿಗೆ ಸಿಟ್ಟು ಬಂದರೂ ಅದೇ ಏಟು ತಿನ್ನುತ್ತೆ.

ಊಟಕ್ಕೆ ಏನು ಹಾಕುತ್ತೀರಿ? ಬದುಕಿರುವ ಗೋಲ್ಡ್‌ಫಿಶ್ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ.

ತುಮಕೂರು ತೊಟ್ಟಿ · 9 ಜೂನ್, ಮಧ್ಯಾಹ್ನ 2:15

ಅಕ್ಕ, ಭಾನುವಾರ ಮಾತ್ರ ನಾಲ್ಕು ಚಿಕ್ಕ ಗೋಲ್ಡ್‌ಫಿಶ್ ಹಾಕುತ್ತೇನೆ. ಮಕ್ಕಳು ನೋಡುತ್ತಾರೆ ಅಂತ. ಮಿಕ್ಕ ದಿನ ಪೆಲೆಟ್, ಅಂಗಡಿಯಲ್ಲಿ ಸಿಗುವ ಒಣ ಕಾಳಿನಂಥ ಊಟ.

ಆಸ್ಕರ್ ಅಮ್ಮ · 9 ಜೂನ್, ಮಧ್ಯಾಹ್ನ 2:50

ಅದೇ ನಾನೂ ಮಾಡಿದ ತಪ್ಪು. ಆ ಗೋಲ್ಡ್‌ಫಿಶ್ ಅಂಗಡಿಯಲ್ಲಿ ನೂರಾರು ಒಂದೇ ತೊಟ್ಟಿಯಲ್ಲಿ ತುಂಬಿರುತ್ತವೆ. ಅದರ ರೋಗ ಎಲ್ಲ ನಿಮ್ಮ ಟ್ಯಾಂಕ್‌ಗೆ ಬರುತ್ತೆ. ಅದೂ ಅಲ್ಲದೆ ಗೋಲ್ಡ್‌ಫಿಶ್ ಮೈಯಲ್ಲಿ ಥಯಾಮಿನೇಸ್ ಇದೆ. ಅದನ್ನೇ ತಿಂದ ಮೀನಿಗೆ ಬಿ1 ವಿಟಮಿನ್ ಕಡಿಮೆಯಾಗುತ್ತೆ. ನನ್ನ ಮೊದಲ ಆಸ್ಕರ್‌ಗೆ ತಲೆಯ ಮೇಲೆ, ಕಣ್ಣಿನ ಸುತ್ತ ಸೂಜಿ ಚುಚ್ಚಿದ ಹಾಗೆ ತೂತು ಬಿದ್ದಿತ್ತು. ಆಗ ನೀರೂ ಸರಿಯಾಗಿ ಬದಲಿಸುತ್ತಿರಲಿಲ್ಲ. ಎರಡೂ ಸೇರಿ ಅದನ್ನು ಕೊಂದವು.

ಒಳ್ಳೆ ಪೆಲೆಟ್ ಮುಖ್ಯ. ಜೊತೆಗೆ ಸಿಪ್ಪೆ ಬಿಡಿಸಿದ ಸೀಗಡಿ, ತೋಟದಲ್ಲಿ ಔಷಧಿ ಹೊಡೆಯದಿದ್ದರೆ ಎರೆಹುಳು. ಸೆವೆರಂಗೆ ಬೇಯಿಸಿದ ಬಟಾಣಿ, ಪಾಲಕ್ ಕೊಟ್ಟು ನೋಡಿ. ಗುಳುಂ ಮಾಡುತ್ತೆ.

ಹಳೇ ಪಂಪು · 9 ಜೂನ್, ರಾತ್ರಿ 9:30

ಈಗ ಕೂತು ಬರೆಯುತ್ತೇನೆ. ಉದ್ದ ಆಗುತ್ತೆ.

ಯಾವ ಮೀನು ಯಾವುದರ ಜೊತೆ ಅಂತ ಪಟ್ಟಿ ಕೇಳುವವರು ಬಹಳ. ಪಟ್ಟಿ ನಾನೂ ಕೊಡಬಲ್ಲೆ. ಆದರೆ ದೊಡ್ಡ ಸಿಕ್ಲಿಡ್ ವಿಷಯದಲ್ಲಿ ಪಟ್ಟಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತೆ. ನನ್ನ ಹತ್ತಿರ ಇದ್ದ ಒಂದು ಗ್ರೀನ್ ಟೆರರ್ ಎಂಟು ವರ್ಷ ಯಾರ ತಂಟೆಗೂ ಹೋಗಲಿಲ್ಲ. ಇನ್ನೊಂದು, ಅದೇ ತಾಯಿಯ ಮರಿ, ಗಾಜಿನಲ್ಲಿ ತನ್ನ ನೆರಳನ್ನೇ ಹೊಡೆಯುತ್ತಿತ್ತು.

ಮೊದಲು ನೋಡಬೇಕಾದ್ದು ಬಾಯಿ. ಆಸ್ಕರ್ ಬಾಯಿಗೆ ಹಿಡಿಸುವುದೆಲ್ಲ ಅದಕ್ಕೆ ಊಟ. ಅಲ್ಲಿ ದ್ವೇಷ ಇಲ್ಲ. ಹಾಗಾಗಿ ಅಳತೆ ಹತ್ತಿರ ಹತ್ತಿರ ಇರಬೇಕು. ಸಿಕ್ಲಿಡ್‌ಗೆ ಗಂಟಲಲ್ಲಿ ಇನ್ನೊಂದು ಜೊತೆ ದವಡೆ ಇದೆ, ಗೊತ್ತಿರಲಿ. ಒಳಗೆ ಹೋದದ್ದು ವಾಪಸ್ ಬರೋದು ಕಷ್ಟ. ನಿಮ್ಮ ಸಕ್ಕರ್ ಚಿಕ್ಕದಿದ್ದರೆ ಅದಕ್ಕೂ ಅಪಾಯ, ನುಂಗಲು ಹೋದ ಆಸ್ಕರ್‌ಗೂ ಅಪಾಯ. ಸಕ್ಕರ್ ರೆಕ್ಕೆ ಮುಳ್ಳು ಬಿಚ್ಚಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತೆ.

ಆಮೇಲೆ ನೆಲ. ಎತ್ತರ ಲೆಕ್ಕಕ್ಕೇ ಇಲ್ಲ. ಸಿಕ್ಲಿಡ್ ನೆಲವನ್ನು ಸೈಟ್ ತರಹ ಹಂಚಿಕೊಳ್ಳುತ್ತೆ. ಇಲ್ಲಿಂದ ಆ ಬೇರಿನವರೆಗೆ ನಂದು, ಅಲ್ಲಿಂದಾಚೆ ನಿಂದು. 6 ಅಡಿಯಲ್ಲಿ ಎರಡು ಸೈಟ್ ಆರಾಮಾಗಿ ಆಗುತ್ತೆ, ಮೂರನೆಯದಕ್ಕೆ ಕೋರ್ಟು ಕಚೇರಿ. ಒಂದು ಆಸ್ಕರ್‌ಗೇ ಕಡಿಮೆ ಅಂದರೂ 280 ಲೀಟರ್ ಬೇಕು. ಪೂರ್ತಿ ಬೆಳೆದರೆ ಅಡಿಯುದ್ದ ಆಗುತ್ತೆ. ನಿಮ್ಮ 680 ಲೀಟರ್ ನೋಡಲು ದೊಡ್ಡದು, ಇರುವ ಐದು ಮೀನಿಗೇ ಸರಿಹೋಯಿತು.

ಮೂರನೆಯದು ಸಂಸಾರ. ಒಂಟಿ ಸಿಕ್ಲಿಡ್ ಬೇರೆ, ಜೋಡಿ ಸಿಕ್ಲಿಡ್ ಬೇರೆ. 2009ರಲ್ಲಿ ಎರಡು ಕಾನ್ವಿಕ್ಟ್ ಅನ್ನುವ ಚಿಕ್ಕ ಸಿಕ್ಲಿಡ್ ತಂದು ಆಸ್ಕರ್‌ಗಳ ಜೊತೆ ಬಿಟ್ಟಿದ್ದೆ. ಮೂರಿಂಚಿನ ಮೀನು, ಏನು ಮಾಡೀತು ಅಂತ. ಹೂವಿನ ಕುಂಡದಲ್ಲಿ ಮೊಟ್ಟೆ ಇಟ್ಟವು. ಮಾರನೇ ದಿನದಿಂದ 5 ಅಡಿ ಟ್ಯಾಂಕ್‌ನಲ್ಲಿ ಮುಕ್ಕಾಲು ಭಾಗ ಆ ಎರಡು ಪಟ್ಟೆ ಮೀನಿನ ಆಸ್ತಿ. ಹತ್ತಿಂಚಿನ ಆಸ್ಕರ್ ಮೂರೂ ಹೀಟರ್ ಪಕ್ಕ ಒಂದರ ಮೇಲೊಂದು ನಿಂತಿದ್ದವು, ರಶ್ ಇರುವ ಬಸ್ಸಿನ ಹಾಗೆ.

ನಿಮ್ಮ ಆಸ್ಕರ್‌ಗಳು "ಈಗೀಗ ಒಟ್ಟಿಗೇ ಇರುತ್ತವೆ" ಅಂದಿರಲ್ಲ, ಅಲ್ಲೇ ನನಗೆ ಅನುಮಾನ. ಗ್ರೀನ್ ಟೆರರ್ ಮೇಲೆ ಕೇಸ್ ಹಾಕುವ ಮುಂಚೆ ಒಂದು ರಾತ್ರಿ ಕೂತು ನೋಡಿ. ಲೈಟ್ ಆರಿಸಿ ಅರ್ಧ ಗಂಟೆ ಬಿಟ್ಟು, ದೂರದಲ್ಲಿ. ಮೊಬೈಲ್ ಬೆಳಕು ನೇರ ಬಿಡಬೇಡಿ.

ಹುಬ್ಬಳ್ಳಿ ಟ್ಯಾಂಕ್ · 9 ಜೂನ್, ರಾತ್ರಿ 10:02

ಸರ್, ನಾನು ಇನ್ನೂ ಟೆರರ್ ಅಂತಾನೇ ಹೇಳೋದು.

ಡಲ್ಲಾಸ್ ಕನ್ನಡಿಗ · 10 ಜೂನ್, ಬೆಳಿಗ್ಗೆ 6:35

ಇಲ್ಲಿ ಟೆಕ್ಸಸ್‌ನಲ್ಲಿ ಕೂತವನು ಟೆಕ್ಸಸ್ ಸಿಕ್ಲಿಡ್ ಬಗ್ಗೆ ಹೇಳದಿದ್ದರೆ ಹೇಗೆ? ಅಮೆರಿಕ ದೇಶಕ್ಕೆ ಸ್ವಂತದ್ದು ಅಂತ ಇರುವ ಸಿಕ್ಲಿಡ್ ಇದೊಂದೇ. ರಿಯೊ ಗ್ರಾಂಡೆ ನದಿಯ ಕೆಳಭಾಗದ್ದು. ಆಮೇಲೆ ಜನ ಬಿಟ್ಟು ಬಿಟ್ಟು ಸ್ಯಾನ್ ಮಾರ್ಕೋಸ್ ನದಿಯಲ್ಲೂ ಇದೆ. ಅಲ್ಲಿ ನೀರು ಗಾಜಿನಂತಿರುತ್ತೆ, ಮೊಣಕಾಲುದ್ದ ನೀರಲ್ಲಿ ನಿಂತರೆ ಮುತ್ತು ಚೆಲ್ಲಿದ ಹಾಗೆ ಚುಕ್ಕೆ ಇರುವ ಮೀನು ಕಾಲ ಹತ್ತಿರವೇ ಬಂದು ನೋಡಿ ಹೋಗುತ್ತೆ.

ನಾನು ಮಾಡಿದ್ದು ಹೀಗೆ. ಆರು ಮರಿ ಒಟ್ಟಿಗೆ, ಒಂದೇ ದಿನ, ಒಂದೇ ಅಳತೆಯವು ತಂದೆ. ಒಂದು ಟೆಕ್ಸಸ್, ಒಂದು ಫೈರ್‌ಮೌತ್, ಒಂದು ಜಾಕ್ ಡೆಂಪ್ಸಿ, ಎರಡು ಸೆವೆರಂ, ಒಂದು ಗ್ರೀನ್ ಟೆರರ್. ಒಟ್ಟಿಗೆ ಬೆಳೆದರೆ ಜಗಳ ಚಿಕ್ಕದರಲ್ಲೇ ಮುಗಿದು ಯಾರು ದೊಡ್ಡವರು ಅಂತ ತೀರ್ಮಾನ ಆಗಿರುತ್ತೆ. ಆದರೂ ವರ್ಷ ತುಂಬುವ ಹೊತ್ತಿಗೆ ಟೆಕ್ಸಸ್, ಫೈರ್‌ಮೌತ್ ಎರಡನ್ನೂ ಬೇರೆಯವರಿಗೆ ಕೊಡಬೇಕಾಯಿತು. ಫೈರ್‌ಮೌತ್ ಕಿವಿರು ಅಗಲಿಸಿ ಕೆಂಪು ಗಂಟಲು ತೋರಿಸಿ ಹೆದರಿಸೋದು ನೋಡಬೇಕು. ಬರೀ ಬಾಯಿಮಾತು. ನಿಜವಾದ ಜಗಳ ಬಂದರೆ ಅದೇ ಸೋಲುತ್ತೆ.

ಹೊಸದಾಗಿ ಸೇರಿಸುವವರಿಗೆ ಒಂದು ಮಾತು. ಜಗಳಗಂಟನನ್ನು ಕೊನೆಗೆ ಬಿಡಿ, ಮೊದಲೇ ಬಿಟ್ಟರೆ ಇಡೀ ಟ್ಯಾಂಕ್ ಅವನದಾಗಿರುತ್ತೆ. ಬಿಡುವ ದಿನ ಕಲ್ಲು, ಮರ ಎಲ್ಲ ಜಾಗ ಬದಲಿಸಿ. ಆಗ ಹಳಬರಿಗೂ ಊರು ಹೊಸದು.

ಕುಡ್ಲದ ಹೊಳೆ · 10 ಜೂನ್, ಬೆಳಿಗ್ಗೆ 8:20

ಎಲ್ಲರೂ ಅಮೆಜಾನ್, ಟೆಕ್ಸಸ್ ಅಂತ ಹೋಗ್ತಾ ಇದ್ದೀರಿ ಮಾರಾಯ್ರೆ. ನಮ್ಮ ದೇಶಕ್ಕೂ ಸ್ವಂತ ಸಿಕ್ಲಿಡ್ ಉಂಟು, ಮೂರು ಜಾತಿ. ಕೇರಳದವರು ಬಾಳೆಲೆಯಲ್ಲಿ ಸುತ್ತಿ ಹುರಿಯುವ ಕರಿಮೀನು ಒಂದು. ಆರೆಂಜ್ ಕ್ರೋಮೈಡ್ ಒಂದು. ಮೂರನೆಯದು ನಮ್ಮ ದಕ್ಷಿಣ ಕನ್ನಡದ ಹೊಳೆಯದ್ದೇ, ಕೆನರಾ ಪರ್ಲ್‌ಸ್ಪಾಟ್. 1877ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಹೆಸರಿಟ್ಟದ್ದು. ಬೇರೆ ದೇಶದಲ್ಲಿ ಎಲ್ಲೂ ಇಲ್ಲ. ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಹಾಗಾಗಿ ಯಾರಾದರೂ ಹೊಳೆಯಿಂದ ಹಿಡಿದು ತಂದದ್ದು ಮಾರಿದರೆ ಕೊಳ್ಳಬೇಡಿ. ಆಸ್ಕರ್ ಜೊತೆಗಂತೂ ಬಿಡಲೇಬೇಡಿ, ಅದು ಅಂಗೈಯಗಲದ ಮೀನು.

ಕರಿಮೀನು ನಾನು ಸಾಕಿದ್ದೇನೆ. ಗುಂಪಲ್ಲಿ ಇದ್ದರೆ ಚಂದ. ಒಂದೆರಡೇ ಇದ್ದರೆ ಜಗಳ. ಹಿನ್ನೀರಿನ ಮೀನು, ಸ್ವಲ್ಪ ಉಪ್ಪಿನ ಅಂಶ ಇದ್ದರೆ ಅದಕ್ಕೆ ಸುಖ. ಆಸ್ಕರ್‌ಗೆ ಅದು ಬೇಡ. ಸುಮ್ನೆ ಯಾಕೆ ಬೆರೆಸೋದು ಅಲ್ವಾ?

ಹೊಸ ಮೀನುಗಾರ · 10 ಜೂನ್, ಬೆಳಿಗ್ಗೆ 9:00

ನಮ್ಮ ಕೆರೆಯ ಜಿಲೇಬಿ ಮೀನೂ ಸಿಕ್ಲಿಡ್ ಅಂತ ಎಲ್ಲೋ ಓದಿದೆ. ನಿಜವಾ?

ಕುಡ್ಲದ ಹೊಳೆ · 10 ಜೂನ್, ಬೆಳಿಗ್ಗೆ 9:12

ನಿಜ. ಅದು ತಿಲಾಪಿಯಾ, ಆಫ್ರಿಕಾದ್ದು. 1952ರಲ್ಲಿ ಇಲ್ಲಿಗೆ ತಂದರು. ಈಗ ಕೆರೆಗಳಲ್ಲಿ ಅದೇ ತುಂಬಿಕೊಂಡಿದೆ. ಅದಕ್ಕೇ ಹೇಳೋದು, ಟ್ಯಾಂಕ್‌ನಲ್ಲಿ ಜಗಳ ಆಯಿತು ಅಂತ ಆಸ್ಕರ್, ಸಕ್ಕರ್ ತಗೊಂಡು ಹೋಗಿ ಕೆರೆಗೆ ಬಿಡಬೇಡಿ. ಪುಣ್ಯದ ಕೆಲಸ ಅಂದುಕೊಂಡು ಬಿಡುವವರೂ ಇದ್ದಾರೆ.

ಡಲ್ಲಾಸ್ ಕನ್ನಡಿಗ · 10 ಜೂನ್, ಬೆಳಿಗ್ಗೆ 9:20

ಫ್ಲಾರಿಡಾದ ದಕ್ಷಿಣದಲ್ಲಿ ಕಾಲುವೆ ಕಾಲುವೆಯಲ್ಲಿ ಆಸ್ಕರ್ ಇವೆ. ಗಾಳ ಹಾಕಿ ಹಿಡಿಯುತ್ತಾರೆ.

ಬೋರ್‌ವೆಲ್ ಬಂಧು · 10 ಜೂನ್, ಸಂಜೆ 5:45

ನಡುವೆ ನನ್ನದೂ ಒಂದು. ನಮ್ಮದೂ ಬೋರ್ ನೀರು, ಗಡಸು. ಆಫ್ರಿಕಾ ಸಿಕ್ಲಿಡ್‌ಗೆ ಗಡಸು ನೀರೇ ಬೇಕಂತಲ್ಲ. ಹಾಗಾದರೆ ಆಸ್ಕರ್ ಜೊತೆ ಫ್ರಂಟೋಸಾ ಬಿಡಬಹುದಾ? ಅದೂ ದೊಡ್ಡದಾಗುತ್ತೆ, ಇದೂ ದೊಡ್ಡದಾಗುತ್ತೆ.

ಆಸ್ಕರ್ ಅಮ್ಮ · 10 ಜೂನ್, ಸಂಜೆ 6:30

ನೀರು ಹೊಂದಿದರೂ ಸ್ವಭಾವ ಹೊಂದಲ್ಲ. ಫ್ರಂಟೋಸಾ ಟ್ಯಾಂಗನಿಕಾ ಸರೋವರದ ಆಳದ ಮೀನು. ಮದುವೆ ಮನೆಯ ಹಿರಿಯರ ಹಾಗೆ ನಿಧಾನಕ್ಕೆ ಓಡಾಡುತ್ತೆ. ಅದು ತಟ್ಟೆ ಹತ್ತಿರ ಬರುವಷ್ಟರಲ್ಲಿ ಆಸ್ಕರ್ ಊಟ ಮುಗಿಸಿ ಕೈ ತೊಳೆದಿರುತ್ತೆ. ನಿಮ್ಮ ನೀರಿಗೆ ಫ್ರಂಟೋಸಾವೇ ಒಂದು ಗುಂಪು ಇಡಿ, ಬೇರೆ ಟ್ಯಾಂಕ್‌ನಲ್ಲಿ. ಮಲಾವಿ ಸರೋವರದ ಎಂಬುನಾಗಳು ಇನ್ನೂ ಬೇರೆ ಕಥೆ. ಅವು ಪಾಚಿ ತಿನ್ನುವವು. ಆಸ್ಕರ್ ತಿನ್ನುವ ಸೀಗಡಿ ತಿಂದು ಹೊಟ್ಟೆ ಉಬ್ಬಿ ಸಾಯುತ್ತವೆ.

ತುಮಕೂರು ತೊಟ್ಟಿ · 12 ಜೂನ್, ಬೆಳಿಗ್ಗೆ 6:10

ನಿನ್ನೆ ರಾತ್ರಿ ಕೂತೆ. ಹೇಳುತ್ತೇನೆ ಕೇಳಿ.

ಹತ್ತೂವರೆಗೆ ಲೈಟ್ ಆರಿಸಿದೆ. ಹಾಲ್‌ನಲ್ಲಿ ಚಾಪೆ ಹಾಕಿಕೊಂಡು ಸೋಫಾಗೆ ಒರಗಿ ಕೂತೆ. ದೇವರ ಮನೆಯ ಸಣ್ಣ ಬಲ್ಬಿನ ಬೆಳಕು ಟ್ಯಾಂಕ್‌ನ ಎಡಗಡೆಗೆ ಸ್ವಲ್ಪ ಬೀಳುತ್ತೆ. ಅಷ್ಟೇ ಬೆಳಕು. ಮೊದಲ ಮುಕ್ಕಾಲು ಗಂಟೆ ಏನೂ ಇಲ್ಲ. ಪಂಪಿನ ಸದ್ದು, ಸೊಳ್ಳೆ. ಹೆಂಡತಿ ಒಂದು ಸಲ ಬಂದು ನೋಡಿ ಏನೂ ಹೇಳದೆ ಹೋದಳು. ಗ್ರೀನ್ ಟೆರರ್ ಬಲಗಡೆ ಪೈಪಿನ ಪಕ್ಕ ನಿಂತಲ್ಲೇ ನಿದ್ದೆ. ರೆಕ್ಕೆ ಮಾತ್ರ ಆಡುತ್ತಿತ್ತು.

ಹನ್ನೊಂದೂಕಾಲಿಗೆ ಎಡಗಡೆ ಟಕ್ ಅಂತ ಸದ್ದು. ಆಸ್ಕರ್‌ಗಳು ಎರಡೂ ಕಡಪಾ ಕಲ್ಲಿನ ಮೇಲೆ. ತಲೆ ಕೆಳಗೆ ಮಾಡಿ ಬಾಯಲ್ಲಿ ಕಲ್ಲನ್ನು ಒರೆಸುತ್ತಿವೆ. ಒಂದು ಇಷ್ಟಗಲ ಒರೆಸಿ ಪಕ್ಕಕ್ಕೆ ಸರಿಯುತ್ತೆ, ಇನ್ನೊಂದು ಅದೇ ಜಾಗಕ್ಕೆ ಬಂದು ಮತ್ತೆ ಒರೆಸುತ್ತೆ. ನಮ್ಮಜ್ಜಿ ಸಗಣಿ ಸಾರಿಸುತ್ತಿದ್ದ ಹಾಗೆ, ಒಂದು ಗೆರೆ ಬಿಡದಂತೆ. ಸುತ್ತಲಿನ ಮರಳನ್ನು ಬಾಯಿ ತುಂಬ ತುಂಬಿಕೊಂಡು ಹೋಗಿ ಆಚೆ ಉಗುಳುತ್ತಿದ್ದವು. ನಡುವೆ ಒಂದು ಸಲ ಎರಡೂ ತುಟಿಗೆ ತುಟಿ ಕಚ್ಚಿಕೊಂಡು ಎಳೆದಾಡಿದವು. ಜಗಳ ಅಂದುಕೊಂಡೆ. ಬಿಟ್ಟು ಮತ್ತೆ ಒರೆಸಲು ಶುರು.

ಆಗ ಸೆವೆರಂ ಬೇರಿನ ಹಿಂದಿನಿಂದ ನಿಧಾನಕ್ಕೆ ಬಂತು. ಅದು ಯಾವಾಗಲೂ ಮಲಗುವುದು ಆ ಕಲ್ಲಿನ ಪಕ್ಕದ ಮೂಲೆಯಲ್ಲೇ. ಪಾಪ ಅದಕ್ಕೇನು ಗೊತ್ತು? ದೊಡ್ಡ ಆಸ್ಕರ್ ಒಂದೇ ನೆಗೆತಕ್ಕೆ ಪಕ್ಕೆಗೆ ಗುದ್ದಿತು. ನೀರು ಮುಚ್ಚಳಕ್ಕೆ ಚಿಮ್ಮಿತು. ಸೆವೆರಂ ಬಾಣದ ಹಾಗೆ ಬಲಗಡೆಗೆ ಓಡಿ ಗ್ರೀನ್ ಟೆರರ್ ಹೊಟ್ಟೆ ಕೆಳಗೆ ತೂರಿಕೊಂಡಿತು. ಟೆರರ್‌ಗೆ ಎಚ್ಚರವಾಯಿತು. ಕಿವಿರು ಅಗಲಿಸಿ ಆಸ್ಕರ್ ಕಡೆ ತಿರುಗಿ ನಿಂತಿತು. ಆಸ್ಕರ್ ಬೇರಿನವರೆಗೆ ಬಂದು ವಾಪಸ್ ಹೋಯಿತು.

ಇದೇ ನಾಲ್ಕು ಸಲ ಆಯಿತು. ಸೆವೆರಂ ಪೆದ್ದು, ಪ್ರತಿ ಸಲ ತನ್ನ ಮೂಲೆಗೇ ಹೋಗುತ್ತೆ.

ಹುಬ್ಬಳ್ಳಿ ಅಣ್ಣ, ನಿಮ್ಮ ಟೆರರ್‌ಗೆ ಜಾಮೀನು ಸಿಕ್ಕಿತು.

ಹುಬ್ಬಳ್ಳಿ ಟ್ಯಾಂಕ್ · 12 ಜೂನ್, ಬೆಳಿಗ್ಗೆ 6:40

ಆಯಿತು ಬಿಡ್ರಿ. ನನ್ನದು ಕಣ್ಣು ತೆಗೆದದ್ದು ಸುಳ್ಳಲ್ಲ.

ಹಳೇ ಪಂಪು · 12 ಜೂನ್, ಬೆಳಿಗ್ಗೆ 7:00

ಒಂದೆರಡು ದಿನದಲ್ಲಿ ಮೊಟ್ಟೆ ಬರುತ್ತೆ. ಸೆವೆರಂ ಇವತ್ತೇ ತೆಗೆಯಿರಿ. 4 ಅಡಿ ಟ್ಯಾಂಕ್ ಇನ್ನೂ ಇದೆಯಲ್ಲ? ಸಂಪಿನಲ್ಲಿರುವ ಒಂದು ಸ್ಪಾಂಜು, ಎರಡು ಹಿಡಿ ಸೆರಾಮಿಕ್ ಉಂಗುರ ಅದರ ಫಿಲ್ಟರ್‌ಗೆ ಹಾಕಿ. ತೊಳೆಯಬೇಡಿ. ಅದರಲ್ಲಿರುವ, ಮೀನಿನ ಗಲೀಜಿನ ಅಮೋನಿಯಾ ಒಡೆಯುವ ಬ್ಯಾಕ್ಟೀರಿಯಾ ಇಲ್ಲದೆ ಹೊಸ ಟ್ಯಾಂಕ್ ಸಿದ್ಧವಾಗಲು 4ರಿಂದ 6 ವಾರ ಬೇಕು. ನಿಮ್ಮದು ಪಿಎಚ್ 8 ಬೇರೆ. ಪಿಎಚ್ ಏರಿದಷ್ಟೂ ಅಮೋನಿಯಾ ಜಾಸ್ತಿ ವಿಷ. ಹೊಸ ಟ್ಯಾಂಕ್‌ನಲ್ಲಿ ಮೊದಲ ವಾರ ಊಟ ಕಡಿಮೆ, ದಿನಾ ಟೆಸ್ಟ್.

ತುಮಕೂರು ತೊಟ್ಟಿ · 13 ಜೂನ್, ರಾತ್ರಿ 9:15

ಮೊಟ್ಟೆ! ಕಲ್ಲಿನ ಮೇಲೆ ಸಬ್ಬಕ್ಕಿ ಚೆಲ್ಲಿದ ಹಾಗೆ. ಸಾವಿರದ ಮೇಲೆ ಇರಬೇಕು. ಒಂದು ಆಸ್ಕರ್ ರೆಕ್ಕೆಯಲ್ಲಿ ಗಾಳಿ ಬೀಸುತ್ತಾ ನಿಂತಿದೆ. ಸೆವೆರಂ ನಿನ್ನೆಯೇ 4 ಅಡಿ ಟ್ಯಾಂಕ್‌ಗೆ ಹೋಯಿತು. ಗ್ರೀನ್ ಟೆರರ್ ಬಲಗಡೆ ಒಂದೂವರೆ ಅಡಿಯಲ್ಲಿ ಸುಮ್ಮನಿದೆ. ಮೀನಿನ ಗಲೀಜಿನಿಂದ ನೀರಲ್ಲಿ ಸೇರುತ್ತಲ್ಲ, ಆ ನೈಟ್ರೇಟ್ ಟೆಸ್ಟ್ ಮಾಡಿದೆ, 80 ಬಂತು.

ಆಸ್ಕರ್ ಅಮ್ಮ · 13 ಜೂನ್, ರಾತ್ರಿ 9:40

80 ಜಾಸ್ತಿ ಆಯಿತು. 40ರ ಕೆಳಗೆ ಇರಲಿ. ಕಾಲು ಭಾಗ ಸಾಲದು, ವಾರಕ್ಕೆ ಅರ್ಧ ತೆಗೆಯಿರಿ. ಆದರೆ ಒಂದೇ ಸಲಕ್ಕೆ ಇಳಿಸಬೇಡಿ, ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ.

ಮೊಟ್ಟೆ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಸಾವಿರ ಆಸ್ಕರ್ ಮರಿ ಯಾರಿಗೆ ಕೊಡುತ್ತೀರಿ?

ತುಮಕೂರು ತೊಟ್ಟಿ · 15 ಜೂನ್, ಬೆಳಿಗ್ಗೆ 7:30

ಎಲ್ಲ ಮೊಟ್ಟೆ ಬೆಳ್ಳಗಾಗಿ ಹತ್ತಿಯ ಹಾಗೆ ಬೂಸ್ಟು ಹಿಡಿದಿದೆ. ಇನ್ನೊಂದು ವಿಚಿತ್ರ. ಚಿಕ್ಕ ಆಸ್ಕರ್ ಕೂಡ ನಿನ್ನೆ ಮೊಟ್ಟೆ ಇಟ್ಟಿತು.

ಹಳೇ ಪಂಪು · 15 ಜೂನ್, ಬೆಳಿಗ್ಗೆ 7:50

ಹಾಗಾದರೆ ಎರಡೂ ಹೆಣ್ಣು. ಆಸ್ಕರ್‌ನಲ್ಲಿ ಹೊರಗಿನಿಂದ ಗಂಡು ಹೆಣ್ಣು ಹೇಳೋಕಾಗಲ್ಲ, ಮೊಟ್ಟೆ ಇಡುವಾಗಲೇ ಗೊತ್ತಾಗೋದು. ಎರಡು ಹೆಣ್ಣು ಜೋಡಿ ಕಟ್ಟಿಕೊಂಡು ಬರಿ ಮೊಟ್ಟೆ ಕಾಯೋದು ಮಾಮೂಲಿ. ಗಂಡಿಲ್ಲ ಅಂತ ಸಿಟ್ಟೇನೂ ಕಡಿಮೆ ಇರಲ್ಲ.

ಕಲ್ಲು ತೆಗೆಯಿರಿ. ಬೇರನ್ನು ಎಡಕ್ಕೆ ಎಳೆದು ಅಡ್ಡ ನಿಲ್ಲಿಸಿ, ಈ ತುದಿಯಿಂದ ಆ ತುದಿ ನೇರ ಕಾಣಬಾರದು. ಕಣ್ಣಿಗೆ ಬಿದ್ದರೆ ತಾನೇ ಅಟ್ಟಿಸಿಕೊಂಡು ಹೋಗೋದು?

ತುಮಕೂರು ತೊಟ್ಟಿ · 16 ಜೂನ್, ಸಂಜೆ 7:05

ತುರ್ತು! ಕಲ್ಲು ತೆಗೆದು ಬೇರು ಸರಿಸಿದೆ. ಎರಡು ಗಂಟೆ ಬಿಟ್ಟು ನೋಡಿದರೆ ದೊಡ್ಡ ಆಸ್ಕರ್ ನೆಲದ ಮೇಲೆ ಪಕ್ಕಕ್ಕೆ ಮಲಗಿದೆ. ಉಸಿರಾಡುತ್ತಿದೆ. ಊಟ ಮುಟ್ಟುತ್ತಿಲ್ಲ. ಸಾಯುತ್ತಾ ಅಕ್ಕ? ಉಪ್ಪು ಹಾಕಲಾ?

ಆಸ್ಕರ್ ಅಮ್ಮ · 16 ಜೂನ್, ಸಂಜೆ 7:12

ಏನೂ ಹಾಕಬೇಡಿ. ಮುನಿಸಿಕೊಂಡಿದೆ. ಆಸ್ಕರ್ ಸಾಕುವವರು ಎಲ್ಲರೂ ಒಂದಲ್ಲ ಒಂದು ದಿನ ಇದಕ್ಕೆ ಹೆದರಿದ್ದಾರೆ. ನಾನು ಟ್ಯಾಂಕ್ ಹಿಂದಿನ ಪೋಸ್ಟರ್ ಬದಲಿಸಿದ್ದಕ್ಕೆ ಮೂರು ದಿನ ಹೀಗೇ ಮಲಗಿತ್ತು. ಅಮೋನಿಯಾ ಒಂದು ಸಲ ನೋಡಿ, ಸೊನ್ನೆ ಇದ್ದರೆ ಲೈಟ್ ಆರಿಸಿ ನೀವೂ ಮಲಗಿ.

ತುಮಕೂರು ತೊಟ್ಟಿ · 18 ಜೂನ್, ಬೆಳಿಗ್ಗೆ 8:00

ಸೊನ್ನೆ ಇತ್ತು. ಇವತ್ತು ಎದ್ದು ಸೀಗಡಿ ಕೇಳಿಕೊಂಡು ಬಂತು. ನಾಟಕ.

ಡಲ್ಲಾಸ್ ಕನ್ನಡಿಗ · 18 ಜೂನ್, ಬೆಳಿಗ್ಗೆ 8:45

ಈಗ ಜಾಕ್ ಡೆಂಪ್ಸಿ ಯೋಚನೆ ಏನಾಯಿತು? 1919ರಿಂದ 1926ರವರೆಗೆ ಹೆವಿವೇಟ್ ಚಾಂಪಿಯನ್ ಆಗಿದ್ದ ಬಾಕ್ಸರ್ ಹೆಸರು ಅದಕ್ಕೆ ಇಟ್ಟದ್ದು. ಆದರೆ ನನ್ನ ಡೆಂಪ್ಸಿ ವಯಸ್ಸಾದ ಮೇಲೆ ಗುಹೆ ಬಿಟ್ಟು ಆಚೆ ಬಂದಿದ್ದೇ ಕಡಿಮೆ.

ಹಳೇ ಪಂಪು · 18 ಜೂನ್, ಬೆಳಿಗ್ಗೆ 9:10

5 ಇಂಚಿನದ್ದು ಒಂದೇ ಸಿಕ್ಕರೆ, ಬಲಗಡೆ ಒಂದು ಗುಹೆ ಕೊಟ್ಟರೆ ಆಗಬಹುದು. ಮಧ್ಯೆ ಪ್ಲಾಸ್ಟಿಕ್ ಜಾಲರಿ ಹಾಕಿ ಹತ್ತು ದಿನ ಮುಖ ನೋಡಿಕೊಳ್ಳಲು ಬಿಟ್ಟು ಆಮೇಲೆ ತೆಗೆಯೋದು.

ಆಸ್ಕರ್ ಅಮ್ಮ · 18 ಜೂನ್, ಬೆಳಿಗ್ಗೆ 9:30

ನಾನು ಒಪ್ಪಲ್ಲ. ಆ ಆಸ್ಕರ್‌ಗಳು ತಿಂಗಳು ಬಿಟ್ಟು ಮತ್ತೆ ಮೊಟ್ಟೆ ಇಡುತ್ತವೆ. ಆಗ ಬಲಗಡೆ ಒಂದೂವರೆ ಅಡಿಯಲ್ಲಿ ಟೆರರ್ ಮತ್ತು ಡೆಂಪ್ಸಿ ಇಬ್ಬರೂ ಇರಬೇಕು. ನೀವೇ ಹೇಳಿದಿರಲ್ಲ ಸರ್, ಮೂರನೇ ಸೈಟ್‌ಗೆ ಕೋರ್ಟು ಅಂತ.

ಹಳೇ ಪಂಪು · 18 ಜೂನ್, ಬೆಳಿಗ್ಗೆ 9:34

ಹೇಳಿದ್ದೆ. ಆದರೂ ಒಂದು ಡೆಂಪ್ಸಿ ಚೆನ್ನಾಗಿರುತ್ತೆ ಮೇಡಂ.

ಗಾಜಿನ ಕೆಲಸ · 18 ಜೂನ್, ಬೆಳಿಗ್ಗೆ 10:20

ಹೀಟರ್‌ಗೆ ಕವರ್ ಇದೆಯಾ ನೋಡಿ. ಆಸ್ಕರ್ ಬಾಲದಲ್ಲಿ ಹೊಡೆದು ಒಡೆದ ಹೀಟರ್ ರಿಪೇರಿಗೆ ಅಂತ ನನ್ನ ಹತ್ತಿರ ತರುತ್ತಾರೆ. ಅದು ರಿಪೇರಿ ಆಗಲ್ಲ. ಸಂಪ್ ಇದೆಯಲ್ಲ, ಹೀಟರ್ ಅದರೊಳಗೇ ಇಡಿ.

ಕರೆಂಟ್ ಹೋದಾಗ ಏನು ಮಾಡುತ್ತೀರಿ?

ತುಮಕೂರು ತೊಟ್ಟಿ · 18 ಜೂನ್, ಬೆಳಿಗ್ಗೆ 10:45

ಬ್ಯಾಟರಿ ಏರ್ ಪಂಪ್ ಇದೆ ಅಣ್ಣ. ಹೋದ ವಾರ ಮಳೆಗೆ ನಾಲ್ಕು ಗಂಟೆ ಕರೆಂಟ್ ಇರಲಿಲ್ಲ, ಅದರಲ್ಲೇ ಓಡಿಸಿದೆ. ಹೀಟರ್ ಇವತ್ತೇ ಸಂಪ್‌ಗೆ ಹಾಕುತ್ತೇನೆ.

ತುಮಕೂರು ತೊಟ್ಟಿ · 9 ಜುಲೈ, ರಾತ್ರಿ 9:50

ಮೂರು ವಾರದ ವರದಿ. ನೈಟ್ರೇಟ್ 30. ಕಲ್ಲು ಇಲ್ಲದ ಮೇಲೆ ಆಸ್ಕರ್‌ಗಳು ಮತ್ತೆ ಬೇರೆ ಬೇರೆ ಓಡಾಡುತ್ತಿವೆ. ಗ್ರೀನ್ ಟೆರರ್ ಹಳೇ ಕಲ್ಲಿನ ಮೂಲೆಗೆ ಬಂದು ಮಲಗುತ್ತೆ, ಯಾರೂ ಏನೂ ಕೇಳಲ್ಲ. ಡೆಂಪ್ಸಿ ತರಲಿಲ್ಲ. ಅಂಗಡಿಗೆ ಹೋಗಿ ಎರಡು ಸಲ ನೋಡಿ ಬಂದೆ, ಅದು ಬೇರೆ ವಿಷಯ. ಕಡಪಾ ಕಲ್ಲಿನ ಮೇಲೆ ಈಗ ಹೆಂಡತಿ ಚಪಾತಿ ಲಟ್ಟಿಸಬೇಕು ಅನ್ನುತ್ತಿದ್ದಾಳೆ. ಅದರ ಮೇಲೆ ಏನು ನಡೆದಿತ್ತು ಅಂತ ನಾನು ಹೇಳಿಲ್ಲ.

ಬೋರ್‌ವೆಲ್ ಬಂಧು · 9 ಜುಲೈ, ರಾತ್ರಿ 10:15

ಅಣ್ಣ, ಆ 4 ಅಡಿ ಟ್ಯಾಂಕ್ ಮಾರುವ ಯೋಚನೆ ಇನ್ನೂ ಇದೆಯಾ? ಫ್ರಂಟೋಸಾಗೆ ಕೇಳುತ್ತಿದ್ದೇನೆ.

ತುಮಕೂರು ತೊಟ್ಟಿ · 9 ಜುಲೈ, ರಾತ್ರಿ 10:21

ಇಲ್ಲಪ್ಪ. ಅದು ಸೆವೆರಂ ಮನೆ. ಬಾಲ ಮುಕ್ಕಾಲು ಬೆಳೆದಿದೆ, ತುದಿ ಮಾತ್ರ ಇನ್ನೂ ಗಾಜಿನ ಹಾಗೆ ತೆಳ್ಳಗಿದೆ. ಫ್ರಂಟೋಸಾ ಗುಂಪಿಗೆ 4 ಅಡಿ ಸಾಲಲ್ಲ, ನೀವು 6 ಅಡಿಯದ್ದೇ ಕಟ್ಟಿಸಿ. ಮನೆಯಲ್ಲಿ ಹೇಗೆ ಬೈಸಿಕೊಳ್ಳಬೇಕು ಅಂತ ನಾನು ಹೇಳಿಕೊಡುತ್ತೇನೆ.